ಎಷ್ಟು ತಿಂದರೂ ಮೈಗೆ ಹತ್ತಲ್ಲ ಅನ್ನೋರಿಗೆ

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಎತ್ತರ 5 ಅಡಿ 8 ಇಂಚು, ತೂಕ 51 ಕೆಜಿ. ಬೆಂಗಳೂರಲ್ಲಿ ಪಿಜಿಯಲ್ಲಿದ್ದೀನಿ, ಕಂಪ್ಯೂಟರ್ ಮುಂದಿನ ಕೆಲಸ. ಎಷ್ಟು ತಿಂದರೂ ಮೈಗೆ ಹತ್ತಲ್ಲ. ಊರಿಗೆ ಹೋದರೆ ಅಜ್ಜಿಯಿಂದ ಹಿಡಿದು ಪಕ್ಕದ ಮನೆ ಆಂಟಿವರೆಗೆ ಎಲ್ಲರದ್ದೂ ಒಂದೇ ಮಾತು, "ಏನೋ, ಕಡ್ಡಿ ಆಗಿದ್ದೀಯ". ಪೌಡರ್ ಶುರು ಮಾಡಲಾ? ಆರೋಗ್ಯ ಕೆಡದ ಹಾಗೆ ದಪ್ಪ ಆಗೋಕೆ ಏನು ತಿನ್ನಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಊರು ಬೇರೆ, ವಯಸ್ಸು ಬೇರೆ, ಆದರೆ ನಡುವಿನ ಆ ಒಂದು ಸಾಲು ಎಲ್ಲ ಪತ್ರದಲ್ಲೂ ಇರುತ್ತದೆ: ಎಷ್ಟು ತಿಂದರೂ ಮೈಗೆ ಹತ್ತಲ್ಲ. ಏನು ತಿನ್ನಬೇಕು ಅಂತ ಹೇಳುವುದು ಹತ್ತು ಸಾಲಿನ ಕೆಲಸ. ಆದರೆ ಈ ಸಾಲನ್ನು ನಂಬಿಕೊಂಡು ಕೂತವರಿಗೆ ಯಾವ ಪಟ್ಟಿ ಕೊಟ್ಟರೂ ಅದು ಫೋನಿನಲ್ಲಿ ಸ್ಕ್ರೀನ್‌ಶಾಟ್ ಆಗಿ ಬಿದ್ದಿರುತ್ತದೆ, ತಟ್ಟೆಗೆ ಬರುವುದಿಲ್ಲ. ಹಾಗಾಗಿ ಮೊದಲು ಇದನ್ನೇ ಇತ್ಯರ್ಥ ಮಾಡೋಣ.

ಅದಕ್ಕೂ ಮುಂಚೆ ಡಾಕ್ಟರ ಮಾತು. ಮೊದಲಿನಿಂದ ತೆಳ್ಳಗಿರುವುದು ಬೇರೆ, ಇದ್ದ ತೂಕ ಇಳಿಯುತ್ತಿರುವುದು ಬೇರೆ. ಕಳೆದ ಕೆಲವು ತಿಂಗಳಲ್ಲಿ ಸುಮ್ನೆ ತೂಕ ಇಳಿದಿದ್ದರೆ, ಜೊತೆಗೆ ಕೆಮ್ಮು, ಸಂಜೆ ಜ್ವರ, ಪದೇ ಪದೇ ಭೇದಿ, ವಿಪರೀತ ಬಾಯಾರಿಕೆ, ಎದೆ ಡವಡವ ಅನ್ನುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಇಲ್ಲಿಗೇ ಓದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಥೈರಾಯ್ಡ್, ಶುಗರ್, ಟಿಬಿ, ಜಂತುಹುಳ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಇವಕ್ಕೆಲ್ಲ ಪರೀಕ್ಷೆ ಇದೆ. ಟಿಬಿಗೂ ತೂಕಕ್ಕೂ ಇರುವ ನಂಟನ್ನು ನಾವು ಹಗುರವಾಗಿ ತಗೊಳ್ಳುತ್ತೇವೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. 2023ರಲ್ಲಿ ಅದರ ಫಲಿತಾಂಶ ಬಂತು. ಟಿಬಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟಿದ್ದಕ್ಕೇ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಹತ್ತಿರ ಹತ್ತಿರ ಶೇ. 40ರಷ್ಟು ಕಡಿಮೆಯಾಯಿತು. ಅಂದರೆ ತೂಕ ಅನ್ನುವುದು ಬರೀ ಪಕ್ಕದ ಮನೆ ಆಂಟಿಯ ಸಮಸ್ಯೆ ಅಲ್ಲ.

ಈ ಹುಡುಗನ ರಿಪೋರ್ಟ್‌ಗಳೆಲ್ಲ ಸರಿ ಇದ್ದವು. ಅವನ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ, 17ರ ಚೂರು ಮೇಲೆ. 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಅಂತ ಲೆಕ್ಕ. ಅಂದರೆ ಅವನಿಗೆ ಬೇಕಾಗಿರುವುದು ಸದ್ಯಕ್ಕೆ ನಾಲ್ಕೈದು ಕೆಜಿ. ನಾನು ವಾಪಸ್ ಬರೆದೆ: ಒಂದು ವಾರ ಏನು ತಿಂತೀರೋ ಅದನ್ನು ತಿಂದ ತಕ್ಷಣ ಫೋನಿನಲ್ಲಿ ಬರೆದಿಡಿ, ರಾತ್ರಿ ಕೂತು ನೆನಪಿಸಿಕೊಂಡು ಬೇಡ.

ಅವನು ಕಳಿಸಿದ ಒಂದು ಮಂಗಳವಾರ ಹೀಗಿತ್ತು. ಬೆಳಿಗ್ಗೆ ಕಾಫಿ. ಹತ್ತು ಗಂಟೆಗೆ ಆಫೀಸಿನ ಎದುರಿನ ದರ್ಶಿನಿಯಲ್ಲಿ ಮೂರು ಇಡ್ಲಿ, ಒಂದು ವಡೆ, ಚಟ್ನಿ, ಸಾಂಬಾರ್. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡ ಅನ್ನ, ತಿಳಿಸಾರು, ಒಂದು ಸೌಟು ಬೀನ್ಸ್ ಪಲ್ಯ, ಮಜ್ಜಿಗೆ. ನಾಲ್ಕು ಗಂಟೆಗೆ ಮತ್ತೆ ಕಾಫಿ. ಸಂಜೆ ಟೀ, ನಾಲ್ಕು ಮಾರಿ ಬಿಸ್ಕತ್ತು. ರಾತ್ರಿ ಪಿಜಿಯಲ್ಲಿ ಎರಡು ಚಪಾತಿ, ಆಲೂಗಡ್ಡೆ ಪಲ್ಯ, ಸ್ವಲ್ಪ ಮೊಸರನ್ನ. ಕೊನೆಯಲ್ಲಿ ಅವನದೇ ಟಿಪ್ಪಣಿ: "ನೋಡಿ ಮೇಡಂ, ಇಡೀ ದಿನ ತಿಂತಾನೇ ಇದ್ದೀನಿ!"

ಈಗ ಕೂಡಿಸಿ. ಎರಡು ಕಾಫಿ ಸೇರಿ 140 ಕ್ಯಾಲೊರಿ. ಇಡ್ಲಿ ವಡೆ 400. ಮಧ್ಯಾಹ್ನದ ಊಟ 550. ಟೀ ಬಿಸ್ಕತ್ತು 170. ರಾತ್ರಿ ಊಟ 490. ಒಟ್ಟು 1,750. ಇವೆಲ್ಲ ಅಂದಾಜಿನ ಲೆಕ್ಕ, ಹೋಟೆಲಿನಿಂದ ಹೋಟೆಲಿಗೆ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಅವನ ಮೈಕಟ್ಟಿಗೆ, ಕೂತು ಮಾಡುವ ಕೆಲಸಕ್ಕೆ, ಇದ್ದ ತೂಕ ಉಳಿಸಿಕೊಳ್ಳಲೇ ದಿನಕ್ಕೆ 1,900ರ ಆಸುಪಾಸು ಬೇಕು. ಇಡೀ ದಿನ ತಿಂದ, ನಿಜ. ಸಾಲುವಷ್ಟು ತಿನ್ನಲಿಲ್ಲ, ಅದೂ ನಿಜ.

ಹಾಗಾದರೆ ತೂಕ ಇಳಿಯಬೇಕಿತ್ತಲ್ವಾ ಅಂತ ಜಾಣರು ಕೇಳುತ್ತಾರೆ. ಅದಕ್ಕೆ ಉತ್ತರ ಅವನ ಭಾನುವಾರದ ಪಟ್ಟಿಯಲ್ಲಿತ್ತು. ಮಸಾಲೆ ದೋಸೆ, ಮಧ್ಯಾಹ್ನ ಬಿರಿಯಾನಿ, ಕಬಾಬ್, ಸಂಜೆ ಐಸ್‌ಕ್ರೀಮ್, ರಾತ್ರಿ ಗೆಳೆಯರ ಜೊತೆ ಪರೋಟ: ಸುಮಾರು 2,900. ಆರು ದಿನದ 1,750, ಒಂದು ದಿನದ 2,900, ಕೂಡಿಸಿ ಏಳರಿಂದ ಭಾಗಿಸಿದರೆ 1,914. ಅವನ ದೇಹ ಕೇಳುವುದೂ ಹತ್ತಿರ ಹತ್ತಿರ ಅಷ್ಟೇ. ತೂಕ ಅಲ್ಲಾಡಲಿಲ್ಲ ಅಂದರೆ ಆಶ್ಚರ್ಯ ಏನಿದೆ? "ನಾನು ತುಂಬಾ ತಿಂತೀನಿ" ಅನ್ನುವಾಗ ಅವನ ಕಣ್ಣ ಮುಂದೆ ಇರುವುದು ಆ ಭಾನುವಾರ. ತಿಂಡಿ ತಪ್ಪಿಸಿಕೊಂಡ ಸೋಮವಾರ, ಮೀಟಿಂಗ್ ಅಂತ ಮೂರು ಗಂಟೆಗೆ ಅರ್ಧ ಊಟ ಮಾಡಿದ ಗುರುವಾರ ಯಾರ ನೆನಪಲ್ಲೂ ಉಳಿಯುವುದಿಲ್ಲ.

ಇನ್ನೊಂದು ವಾದ ಇದ್ದೇ ಇದೆ. "ನನ್ನ ರೂಮ್‌ಮೇಟ್ ನನ್ನಷ್ಟೇ ತಿಂದು ದಪ್ಪ ಆಗ್ತಾನೆ." ಇದರಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಜೇಮ್ಸ್ ಲೆವೈನ್ ಮತ್ತು ಜೊತೆಗಾರರು 16 ಜನರಿಗೆ ಎಂಟು ವಾರ ಕಾಲ ದಿನಕ್ಕೆ 1,000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. 1999ರಲ್ಲಿ ಅದು ಪ್ರಕಟವಾಯಿತು. ಒಬ್ಬರ ಮೈಯಲ್ಲಿ ಕೂಡಿದ ಕೊಬ್ಬು 4 ಕೆಜಿಗೂ ಜಾಸ್ತಿ, ಇನ್ನೊಬ್ಬರ ಮೈಯಲ್ಲಿ ಅರ್ಧ ಕೆಜಿಯೂ ಇಲ್ಲ. ಅಷ್ಟೇ ತಿಂದರೂ ಇಷ್ಟೊಂದು ವ್ಯತ್ಯಾಸ! ಕಾರಣ ಹುಡುಕಿದರೆ ವ್ಯಾಯಾಮ ಅಲ್ಲ. ಕೆಲವರ ಮೈ ತಾನಾಗಿ ಜಾಸ್ತಿ ಅಲ್ಲಾಡುತ್ತದೆ. ಕೂತಲ್ಲಿ ಕಾಲು ಕುಣಿಸುವುದು, ಫೋನ್ ಬಂದರೆ ಎದ್ದು ಓಡಾಡುವುದು, ಸುಮ್ಮನೆ ಕೂರಲಾಗದೆ ಎದ್ದು ಎದ್ದು ಹೋಗುವುದು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ, "ಕಾಲು ಅಲ್ಲಾಡಿಸಬೇಡ" ಅಂತ ಬೈಸಿಕೊಂಡು ಬೆಳೆದವರು. ಆದರೆ ಗಮನಿಸಿ, ಎಲ್ಲರಿಗಿಂತ ಕಡಿಮೆ ಏರಿದವರಿಗೂ ಏನೂ ಏರಲಿಲ್ಲ ಅಂತಲ್ಲ. ಕೆಲವರಿಗೆ ಬೇಗ ಹತ್ತುತ್ತದೆ, ಕೆಲವರಿಗೆ ನಿಧಾನ. ಹತ್ತುವುದೇ ಇಲ್ಲ ಅನ್ನುವ ಆರೋಗ್ಯವಂತರನ್ನು ನಾನಂತೂ ಕಂಡಿಲ್ಲ.

ಅಬ್ಬಾ, ಮುಗಿಯಿತು. ಈಗ ತಿನ್ನುವ ವಿಷಯ.

ತೆಳ್ಳಗಿರುವವರ ನಿಜವಾದ ತೊಂದರೆ ಹೊಟ್ಟೆ ಬೇಗ ತುಂಬುವುದು. ಅನ್ನ ತಿಳಿಸಾರು ನೋಡಿ. ಬೆಂದ ಅನ್ನದಲ್ಲೇ ಮೂರರಲ್ಲಿ ಎರಡು ಪಾಲು ನೀರು. ಅದರ ಮೇಲೆ ಸಾರು, ಕೊನೆಗೆ ಮಜ್ಜಿಗೆ. ಹೊಟ್ಟೆ ಬಿಗಿಯುತ್ತದೆ, ಆದರೆ ಬಿಗಿದದ್ದು ಬಹುಪಾಲು ನೀರಿನಿಂದ. ಅಂಥವರಿಗೆ "ಇನ್ನೊಂದು ಸೌಟು ಅನ್ನ ಹಾಕಿಸ್ಕೊ" ಅನ್ನುವುದು ಉಪಕಾರ ಅಲ್ಲ, ಹಿಂಸೆ. ತಟ್ಟೆ ಅಷ್ಟೇ ಇರಲಿ, ಅದರೊಳಗಿನದು ಗಟ್ಟಿಯಾಗಲಿ.

ಬಿಸಿ ಅನ್ನಕ್ಕೆ ಒಂದು ಟೀ ಚಮಚ ತುಪ್ಪ ಅಂದರೆ 45 ಕ್ಯಾಲೊರಿ, ಹೊಟ್ಟೆಯಲ್ಲಿ ಜಾಗವೇ ಬೇಡ. ಎರಡು ಊಟಕ್ಕೆ 90. ತಿಳಿಸಾರಿನ ಬದಲು ಗಟ್ಟಿ ತೊವ್ವೆ. ಮಜ್ಜಿಗೆಯ ಬದಲು ಗಟ್ಟಿ ಮೊಸರು, ಇದರಿಂದ ಇನ್ನೊಂದು 60. ಹಾಲು ಕುಡಿಯುವುದಾದರೆ ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟು ಕೊಬ್ಬು, ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6. ಮಲಗುವ ಮುಂಚೆ ಒಂದು ಲೋಟ ಫುಲ್ ಕ್ರೀಮ್ ಕುಡಿದರೆ 175. ಸಂಜೆ ಬಿಸ್ಕತ್ತಿನ ಜಾಗದಲ್ಲಿ ಒಂದು ಹಿಡಿ ಹುರಿದ ಶೇಂಗಾ, 30 ಗ್ರಾಂ, 170. ಎಲ್ಲ ಸೇರಿದರೆ, ಬಿಟ್ಟ ಬಿಸ್ಕತ್ತು ಕಳೆದರೂ, ದಿನಕ್ಕೆ 400 ಜಾಸ್ತಿ. ಇಷ್ಟನ್ನು ದಿನಾ, ಸೋಮವಾರ ಗುರುವಾರಗಳಲ್ಲೂ ತಪ್ಪದೆ ತಿಂದರೆ ತಿಂಗಳಿಗೆ ಒಂದು ಕೆಜಿಯ ಸುತ್ತಮುತ್ತ ಏರುತ್ತದೆ. ಅದಕ್ಕಿಂತ ವೇಗ ಬೇಡ.

ಶೇಂಗಾದ ವಿಷಯದಲ್ಲಿ ಉತ್ತರ ಕರ್ನಾಟಕದವರನ್ನು ನೋಡಿ ಕಲಿಯಬೇಕು. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಅದಕ್ಕೆ ಎಣ್ಣೆ ಇಲ್ಲವೇ ಗಟ್ಟಿ ಮೊಸರು. ಪಲ್ಯಕ್ಕೂ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಪಿಜಿಯಲ್ಲಿ ಇರುವವರಿಗೆ ಚಟ್ನಿಪುಡಿಯ ಡಬ್ಬಿಯಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ, ಫ್ರಿಜ್ ಬೇಡ, ಒಲೆ ಬೇಡ. ಇನ್ನು ಅಂಟಿನುಂಡೆ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ ಸೇರಿಸಿ ಕಟ್ಟುವ ಉಂಡೆ. ಬಾಣಂತಿಗೆ ಹೆಚ್ಚು ಶಕ್ತಿ ಬೇಕು, ಆದರೆ ತಟ್ಟೆ ತುಂಬ ಉಣ್ಣಲು ಪುರುಸೊತ್ತೂ ಇರಲ್ಲ, ಆಗಲ್ಲ. ಅದಕ್ಕೆ ನಮ್ಮ ಅಜ್ಜಿಯಂದಿರು ಕಂಡುಕೊಂಡ ದಾರಿ ಇದು. ಪುಟ್ಟ ಉಂಡೆಯಲ್ಲಿ ಹತ್ತಿರ ಹತ್ತಿರ 200 ಕ್ಯಾಲೊರಿ. ಗಂಡಸರು ತಿನ್ನಬಾರದು ಅಂತ ಯಾರೂ ಬರೆದಿಟ್ಟಿಲ್ಲ. ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್, ಹಾಲು ಬೆಲ್ಲ ತುಪ್ಪದಲ್ಲಿ ಕಲಸಿದ ರಾಗಿ ಹುರಿಹಿಟ್ಟು, ಮೊಟ್ಟೆ ತಿನ್ನುವವರಿಗೆ ದಿನಕ್ಕೆ ಎರಡು ಮೊಟ್ಟೆ, ಇವೂ ಆಗುತ್ತವೆ. ಊಟಕ್ಕೆ ಮುಂಚೆ ದೊಡ್ಡ ಲೋಟದಲ್ಲಿ ನೀರು, ಕಾಫಿ ಬೇಡ. ಹಸಿವು ಅಲ್ಲೇ ಸತ್ತುಹೋಗುತ್ತದೆ.

ಪೌಡರ್? "ಮಾಸ್ ಗೇನರ್" ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಹೆಚ್ಚಿನವುಗಳಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್ಟ್ರಿನ್ ಇರುತ್ತದೆ. ಅದು ಪಿಷ್ಟದಿಂದ ತಯಾರಿಸಿದ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪುಡಿ. ವಿಷ ಅಲ್ಲ, ಆದರೆ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವಂಥದ್ದೂ ಅಲ್ಲ. ನನಗೆ ಭಯ ಇರುವುದು ಇನ್ನೊಂದು ಜಾತಿಯ ಪುಡಿ ಬಗ್ಗೆ. ಹೆಸರು, ವಿಳಾಸ ಸರಿಯಾಗಿ ಇಲ್ಲದ, "ಹದಿನೈದು ದಿನದಲ್ಲಿ ಗ್ಯಾರಂಟಿ" ಅನ್ನುವ, ನಾಟಿ ಔಷಧಿ ಅಂತ ಮಾರುವ ಡಬ್ಬಿಗಳು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್, ಇಲ್ಲವೇ ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್ ಅನ್ನುವ ಅಲರ್ಜಿ ಮಾತ್ರೆಯನ್ನು ಗುಟ್ಟಾಗಿ ಬೆರೆಸಿದ್ದು ಪತ್ತೆಯಾಗಿದೆ. ಸ್ಟೀರಾಯ್ಡ್ ಇದ್ದರೆ ಕೆನ್ನೆ ಉಬ್ಬುತ್ತದೆ, ಎಲ್ಲರೂ "ಕಳೆ ಬಂತು" ಅನ್ನುತ್ತಾರೆ. ಬಂದದ್ದು ನೀರು ಮತ್ತು ಕೊಬ್ಬು. ಒಳಗೆ ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ತಿಂಗಳುಗಟ್ಟಲೆ ಇಂಥದ್ದನ್ನು ತಗೊಂಡವರು ಈ ಲೇಖನ ಓದಿ ನಾಳೆಯಿಂದ ದಿಢೀರ್ ನಿಲ್ಲಿಸಬೇಡಿ. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಅಷ್ಟೊತ್ತಿಗೆ ನಿಂತುಹೋಗಿರಬಹುದು, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಇಲ್ಲಿಯವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ. ಏರುವ ತೂಕ ಎಲ್ಲಿ ಹೋಗಿ ಕೂರಬೇಕು? ಎಲ್ಲರೂ ಕೆಜಿ ಕೇಳುತ್ತಾರೆ, ಜಾಗ ಕೇಳುವುದಿಲ್ಲ. ಬೇಕರಿಯ ಪಫ್ಸ್, ಖಾರ ಬನ್, ತಂಪು ಪಾನೀಯದಿಂದಲೂ ತೂಕ ಏರುತ್ತದೆ. ಕೈಕಾಲು ಕಡ್ಡಿಯಾಗಿಯೇ ಇರುತ್ತವೆ, ಹೊಟ್ಟೆ ಮಾತ್ರ ಮುಂದೆ ಬರುತ್ತದೆ.

ಇದು ನಮ್ಮವರಿಗೆ ವಿಶೇಷವಾಗಿ ಅಪಾಯ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೊ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರದ್ದೂ ಬಿಎಂಐ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಮೈಯಲ್ಲಿದ್ದ ಕೊಬ್ಬು ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೆಳ್ಳಗಿರುವ ಭಾರತೀಯರಿಗೂ ಶುಗರ್ ಯಾಕೆ ಬರುತ್ತದೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು. ನಮ್ಮಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೊಟ್ಟೆಯ ಸುತ್ತ ಜಾಸ್ತಿ. "ಕಡ್ಡಿ ಇದ್ದೀನಿ, ನನಗೆ ಶುಗರ್ ಟೆಸ್ಟ್ ಯಾಕೆ" ಅನ್ನುವ ಮೂವತ್ತು ದಾಟಿದವರೇ, ಅದರಲ್ಲೂ ಅಪ್ಪ ಅಮ್ಮನಿಗೆ ಶುಗರ್ ಇರುವವರೇ, ಈ ಮಾತು ನಿಮಗೆ.

ಹಾಗಾಗಿ ಮೇಲೆ ಹೇಳಿದ 400 ಕ್ಯಾಲೊರಿಯ ಜೊತೆಗೆ ಮೈ ದಣಿಸಲೇಬೇಕು, ಅದೂ ಭಾರ ಎತ್ತುವ, ತಳ್ಳುವ ಕೆಲಸ. ಜಿಮ್ಮೇ ಆಗಬೇಕಿಲ್ಲ. ಗರಡಿ ಮನೆಯವರು ತುಪ್ಪ, ಬಾದಾಮಿ, ಹಾಲು ಇಳಿಸಿದ್ದನ್ನು ಮಾತ್ರ ನಾವು ನೆನಪಿಟ್ಟುಕೊಂಡಿದ್ದೇವೆ, ಬೆಳಗಿನ ಜಾವ ಹೊಡೆದ ದಂಡ ಬಸ್ಕಿ ಮರೆತಿದ್ದೇವೆ. ವಾರಕ್ಕೆ ಮೂರು ದಿನ ದಂಡ, ಬಸ್ಕಿ, ತುಂಬಿದ ನೀರಿನ ಕ್ಯಾನ್ ಎತ್ತಿಳಿಸುವುದು, ಇಷ್ಟರಿಂದ ಶುರು ಮಾಡಿ. ಮಾಂಸಖಂಡಕ್ಕೆ ಪ್ರೋಟೀನ್ ಬೇಕು. ತೊವ್ವೆ, ಕಾಳು, ಮೊಸರು, ಮೊಟ್ಟೆ, ಮೀನು, ಯಾವುದಾದರೊಂದು ಪ್ರತಿ ಊಟದಲ್ಲೂ ಇರಲಿ.

ತೂಕ ವಾರಕ್ಕೊಮ್ಮೆ ನೋಡಿ, ಬೆಳಿಗ್ಗೆ ಶೌಚಕ್ಕೆ ಹೋಗಿಬಂದು, ಕಾಫಿಗೆ ಮುಂಚೆ. ಅವತ್ತೇ ಸೊಂಟಕ್ಕೂ ಟೇಪು ಹಿಡಿಯಿರಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ನಮ್ಮವರ ಮಿತಿ. ಮೂರು ಕೆಜಿ ಏರುವಷ್ಟರಲ್ಲಿ ಸೊಂಟವೇ ಜಾಸ್ತಿ ಬೆಳೆದಿದ್ದರೆ ತುಪ್ಪ ಹಾಗೇ ಇರಲಿ, ಬೇಕರಿ ಬಿಡಿ, ಬಸ್ಕಿ ಜಾಸ್ತಿ ಮಾಡಿ. ಒಂದು ತಿಂಗಳಾದರೂ ತೂಕ ಅಲ್ಲಾಡಲಿಲ್ಲ ಅಂದರೆ ಇನ್ನೊಂದು ಹಿಡಿ ಶೇಂಗಾ ಸೇರಿಸಿ, ನನಗೆ ಬರೆಯುವ ಮುಂಚೆ.