ಧಕ್ಕೆಯ ಲೈಟ್ ಬಿಲ್ಲು ಯಾರ ಲೆಕ್ಕಕ್ಕೆ?

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನಾಲ್ಕು ಜನ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಎರಡು ಹಾಳೆಯ ಮನವಿ. ಮೇಲೆ ಊರಿನ ನಗರಾಡಳಿತದ ಅಧ್ಯಕ್ಷರಿಗೆ ಅಂತ ಇತ್ತು. ಕೆಳಗೆ ಪ್ರತಿಗಳ ಪಟ್ಟಿ ಮುಖ್ಯಮಂತ್ರಿಯವರೆಗೆ ಹೋಗಿತ್ತು. ವಿಷಯ, ಹೊಳೆ ಬದಿಯ ಸಾರ್ವಜನಿಕ ಧಕ್ಕೆಯಿಂದ ಆಗುತ್ತಿರುವ ತೊಂದರೆ.

ಊರಿನ ಹೆಸರು ಇಲ್ಲಿ ಬೇಡ. ಉಡುಪಿಯಿಂದ ಬೆಳಿಗ್ಗೆ ಹೋಗಿ ಊಟಕ್ಕೆ ವಾಪಸ್ ಬರುವಷ್ಟು ದೂರ. ನಾನು ಕರಾವಳಿಯ ನಗರಾಡಳಿತಗಳಲ್ಲಿ ಎಂಜಿನಿಯರ್ ಆಗಿದ್ದವನು, ಈಗ ನಿವೃತ್ತ. ಹಾಗಾಗಿ ಚರಂಡಿ, ಬೀದಿ ದೀಪ, ಕಂಪೌಂಡ್ ಜಗಳ ಎಲ್ಲ ಜಗಲಿಗೇ ಬರುತ್ತವೆ.

ಮನವಿಯಲ್ಲಿ ಹನ್ನೊಂದು ಬೇಡಿಕೆ ಇತ್ತು. ಮೂರನೆಯದು, ಧಕ್ಕೆಯಲ್ಲಿ ರಾತ್ರಿ ಲೈಟ್ ಇಲ್ಲ. ಏಳನೆಯದು, ಧಕ್ಕೆಯ ಲೈಟ್ ಮನೆಯೊಳಗೆ ಬೀಳುತ್ತದೆ, ನಿದ್ದೆ ಇಲ್ಲ. ನಾನು ತಲೆಯೆತ್ತಿ ನೋಡಿದೆ.

"ಎರಡೂ ಸತ್ಯವೇ" ಅಂದರು ಮೀನು ಮಾರುವ ಅಕ್ಕ. "ಲೈಟ್ ಉಂಟು ಇಂಜಿನಿಯರ್ರೇ. ನಾವು ಬುಟ್ಟಿ ಇಳಿಸುವಲ್ಲಿ ಇಲ್ಲ, ಇವರು ಮಲಗುವ ಕೋಣೆಯಲ್ಲಿ ಉಂಟು." ಪಕ್ಕದಲ್ಲಿದ್ದ ಹಿರಿಯರು ಹೌದು ಹೌದು ಅಂತ ತಲೆಯಾಡಿಸಿದರು. ಮುಂಬೈಯಲ್ಲಿ ದುಡಿದು, ಊರಿಗೆ ಬಂದು, ಹೊಳೆಗೆ ಮುಖ ಮಾಡಿ ಮನೆ ಕಟ್ಟಿದವರು ಅವರು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಧಕ್ಕೆ ಅಂದರೆ ಪೆಟ್ಟಲ್ಲ, ದೋಣಿ ತಾಗುವ ಕಟ್ಟೆ. ಹಿಂದೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರು 'ಧಕ್ಕೆ ದುರಸ್ತಿ' ಅನ್ನುವ ಕಡತ ನೋಡಿ, ಯಾರಿಗೆ ಧಕ್ಕೆ ಆಗಿದೆ ಅಂತ ಕೇಳಿದ್ದರು. ಈ ಜಗಳ ನೋಡಿದರೆ ಅವರ ಪ್ರಶ್ನೆಯೂ ತಪ್ಪಲ್ಲ ಅನಿಸುತ್ತದೆ.

ನಾನು ಕೇಳಿದ್ದು ಒಂದೇ. ಆ ಲೈಟಿನ ಆರ್.ಆರ್. ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ಯಾರ ಹೆಸರಲ್ಲಿದೆ? ನಾಲ್ವರೂ ಮುಖ ಮುಖ ನೋಡಿಕೊಂಡರು. ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನ ಬಿಲ್ಲು ಯಾರ ಹೆಸರಿಗೆ ಹೋಗುತ್ತದೋ ಅವರೇ ಆ ಲೈಟಿನ ಯಜಮಾನರು. ಧಕ್ಕೆಯ ತಂಟೆಗಳಲ್ಲಿ ನಾನು ಹಿಡಿಯುವ ಮೊದಲ ದಾರ ಇದು.

ಯಾಕೆಂದರೆ ಒಂದು ಸಣ್ಣ ಧಕ್ಕೆಗೆ ನಾಲ್ಕು ಯಜಮಾನರಿರುತ್ತಾರೆ. ಕೆಳಗಿನ ಜಾಗ ಹೆಚ್ಚಾಗಿ ನದಿ ಪರಂಬೋಕು, ಅಂದರೆ ಕಂದಾಯ ಇಲಾಖೆಯದ್ದು. ಮೇಲಿನ ಕಾಂಕ್ರೀಟ್ ಮೀನುಗಾರಿಕೆ ಇಲಾಖೆ ಕಟ್ಟಿಸಿದ್ದಿರಬಹುದು, ಬಂದರು ಇಲಾಖೆ ಕಟ್ಟಿಸಿದ್ದಿರಬಹುದು, ಶಾಸಕರ ನಿಧಿಯಲ್ಲಿ ನಿರ್ಮಿತಿ ಕೇಂದ್ರದವರು ಕಟ್ಟಿದ್ದೂ ಇರಬಹುದು. ಅಲ್ಲಿಗೆ ಹೋಗುವ ರಸ್ತೆ ನಗರಾಡಳಿತದ್ದು. ನೀರಿನ ಅಂಚಿನಲ್ಲಿ ಹೊಸದೇನು ಕಟ್ಟಬೇಕಾದರೂ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್. ಮಲ್ಪೆ ಬಂದರನ್ನೇ ನೋಡಿ. ಉಡುಪಿ ನಗರಸಭೆಯ ಗಡಿಯೊಳಗೇ ಇದೆ, ಆದರೆ ಬಂದರಿನ ಆಡಳಿತ ಮೀನುಗಾರಿಕೆ ಇಲಾಖೆಯದ್ದು. ಗೇಟಿನ ಹೊರಗಿನ ಗುಂಡಿಗೆ ಒಬ್ಬರು, ಒಳಗಿನ ಗುಂಡಿಗೆ ಇನ್ನೊಬ್ಬರು. ನಡೆಯುವವನ ಕಾಲಿಗೆ ಎರಡೂ ಒಂದೇ ಅಲ್ವಾ?

ಇದಕ್ಕೆ ಸಂವಿಧಾನದಲ್ಲೇ ಒಂದು ಬೇರು ಇದೆ. 1992ರ 73 ಮತ್ತು 74ನೇ ತಿದ್ದುಪಡಿಗಳಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಯಾವ ಯಾವ ಕೆಲಸ ಕೊಡಬಹುದು ಅಂತ ಎರಡು ಪಟ್ಟಿ ಮಾಡಿದರು. ಪಂಚಾಯತಿಗಳಿಗೆ 11ನೇ ಅನುಸೂಚಿ, 29 ವಿಷಯ. ನಗರಗಳಿಗೆ 12ನೇ ಅನುಸೂಚಿ, 18 ವಿಷಯ. ಪಂಚಾಯತಿ ಪಟ್ಟಿಯಲ್ಲಿ ಐದನೆಯದೇ ಮೀನುಗಾರಿಕೆ. ನಗರದ ಪಟ್ಟಿಯಲ್ಲಿ ಬೀದಿ ದೀಪ ಇದೆ, ವಾಹನ ನಿಲ್ಲಿಸುವ ಜಾಗ ಇದೆ, ಸ್ಮಶಾನ ಇದೆ, ಕಸಾಯಿಖಾನೆಯೂ ಇದೆ. ಮೀನುಗಾರಿಕೆ ಇಲ್ಲ. ಪಟ್ಟಣದಲ್ಲಿ ಮೀನು ತಿನ್ನುವವರು ಮಾತ್ರ ಇರುತ್ತಾರೆ, ಹಿಡಿಯುವವರು ಇರುವುದಿಲ್ಲ ಅಂತ ಬರೆದವರು ಅಂದುಕೊಂಡರೋ ಏನೋ. ಮಲ್ಪೆ, ಮಂಗಳೂರು ಕಡೆ ಒಮ್ಮೆ ಬಂದಿದ್ದರೆ ಗೊತ್ತಾಗುತ್ತಿತ್ತು.

ಹಾಗಾಗಿ ಹನ್ನೊಂದು ಬೇಡಿಕೆಯನ್ನು ಒಂದೇ ಹಾಳೆಯಲ್ಲಿ ಹಾಕಿ ಅಧ್ಯಕ್ಷರಿಗೆ ಕೊಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೇ ಎಷ್ಟೋ ಸಲ ಮಾಡಿದ್ದೇನೆ. ಹನ್ನೊಂದರಲ್ಲಿ ಒಂದು ನಮ್ಮದಲ್ಲದ ವಿಷಯ ಕಂಡರೆ ಸಾಕು. ಇಡೀ ಮನವಿಯನ್ನು 'ಸಂಬಂಧಪಟ್ಟ ಇಲಾಖೆಗೆ ಮುಂದಿನ ಕ್ರಮಕ್ಕಾಗಿ' ಅಂತ ಬರೆದು ಕಳಿಸುತ್ತೇವೆ. ಅದರ ಜೊತೆಗೆ ನಾವೇ ಮಾಡಬಹುದಾಗಿದ್ದ ಐದು ಕೆಲಸವೂ ಹೋಗುತ್ತದೆ. ಸೋಮಾರಿತನ ಅಂತ ನೀವು ಹೇಳಬಹುದು. ಸ್ವಲ್ಪ ಹೌದು. ಆದರೆ ನಮ್ಮದಲ್ಲದ ಆಸ್ತಿಗೆ ನಗರಾಡಳಿತದ ಹಣ ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ, ಅದು ನಿವೃತ್ತಿಯ ನಂತರವೂ ಬೆನ್ನು ಬಿಡುವುದಿಲ್ಲ. ಈ ಭಯ ನಿಜವಾದದ್ದು.

ಮನವಿಯನ್ನು ಮೂರು ಪತ್ರ ಮಾಡಿದೆವು. ಒಂದು ನಗರಾಡಳಿತಕ್ಕೆ, ಒಂದು ಪೊಲೀಸರಿಗೆ, ಒಂದು ಮೆಟ್ಟಿಲಿನ ಬಗ್ಗೆ ಇಲಾಖೆಗೆ. ಅದಕ್ಕೆ ಮೊದಲು ಜಾಗ ನೋಡಿದೆವು. ದಿಶಾಂಕ್ ಆ್ಯಪ್‌ನಲ್ಲಿ ನಿಂತಲ್ಲೇ ಸರ್ವೆ ನಂಬರ್ ಸಿಗುತ್ತದೆ. ಅದು ಕೋರ್ಟಿಗೆ ಸಾಕ್ಷಿಯಲ್ಲ, ಯಾವ ಕಚೇರಿಗೆ ಹೋಗಬೇಕು ಅಂತ ತಿಳಿಯಲು ಸಾಕು.

ಲೈಟಿನ ಗುಟ್ಟು ಅಲ್ಲೇ ಬಯಲಾಯಿತು. ಕಂಬ ಇದ್ದದ್ದು ರಸ್ತೆಯ ಅಂಚಿನಲ್ಲಿ, ಮೀಟರ್ ನಗರಾಡಳಿತದ ಬೀದಿ ದೀಪದ್ದು. ರಸ್ತೆಗೆ ಅಂತ ಹಾಕಿದ ದೀಪ, ಹಾಗಾಗಿ ಮುಖ ರಸ್ತೆಯ ಕಡೆ. ಧಕ್ಕೆಗೆ ಬೆನ್ನು. ನಡುವೆ ಯಾರೋ ಒಳ್ಳೆಯ ಮನಸ್ಸಿನಿಂದ ದೊಡ್ಡ ಎಲ್‌ಇಡಿ ಫ್ಲಡ್‌ಲೈಟ್ ಸಿಕ್ಕಿಸಿದ್ದರು, ಅದು ನೇರ ಹಿರಿಯರ ಕಿಟಕಿಗೆ. ನೀರಿನ ಬದಿಗೆ ಜಾಸ್ತಿ ವಾಟ್ ಬೇಡ. ಕಂಬ ತಗ್ಗಿರಬೇಕು, ದೀಪಕ್ಕೆ ಟೋಪಿ ಇರಬೇಕು, ಬೆಳಕು ಮೆಟ್ಟಿಲಿಗೆ ಬೀಳಬೇಕು. ಕಣ್ಣಿಗೆ ಹೊಡೆಯುವ ದೀಪ ಇದ್ದರೆ ಕತ್ತಲಿನ ಮೆಟ್ಟಿಲು ಇನ್ನೂ ಕತ್ತಲಾಗುತ್ತದೆ. ಟ್ರಾಲ್‌ಬೋಟಿನವರನ್ನು ಕೇಳಿ, ಹೇಳುತ್ತಾರೆ.

ದೀಪ ತಿರುಗಿಸಲು ಟೆಂಡರ್ ಬೇಕಾಗಿಲ್ಲ, ನಿರ್ವಹಣೆಯ ಗುತ್ತಿಗೆದಾರರ ಏಣಿ ಸಾಕು. ಮೆಟ್ಟಿಲ ಬುಡಕ್ಕೆ ಇನ್ನೊಂದು ದೀಪ ಬೇಕಾದರೆ ಮಾತು ಬೇರೆ. ಬೀದಿ ದೀಪದ ಕರೆಂಟಿಗೆ ನಗರಾಡಳಿತಕ್ಕೆ ಸರ್ಕಾರದಿಂದ ಅನುದಾನ ಬರುತ್ತದೆ. ಧಕ್ಕೆಯ ಮೇಲಿನ ದೀಪವನ್ನು ಬೀದಿ ದೀಪ ಅಂತ ಒಪ್ಪುತ್ತಾರಾ ಇಲ್ಲವಾ ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ಕಟ್ಟಲು ಹಣ ಹೇಗೋ ಸಿಗುತ್ತದೆ ಮಾರಾಯ್ರೆ. ಫಲಕ, ರಿಬ್ಬನ್, ಫೋಟೋ ಎಲ್ಲ ಆಗುತ್ತದೆ. ಆಮೇಲೆ ಪ್ರತಿ ತಿಂಗಳು ಬರುವ ಬಿಲ್ಲಿಗೆ ಯಾರೂ ಇಲ್ಲ. ನಾನು ನೋಡಿದ ಕತ್ತಲೆಯ ಧಕ್ಕೆಗಳಲ್ಲಿ ಹೆಚ್ಚಿನವಕ್ಕೆ ದೀಪ ಇದ್ದೇ ಇತ್ತು.

ಇನ್ನು ಮೆಟ್ಟಿಲು. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಇಲ್ಲಿ ನನ್ನದೇ ಒಂದು ತಪ್ಪಿದೆ.

ನಮ್ಮ ಕಡಲಲ್ಲಿ ಏರಿಳಿತ ಅಷ್ಟೇನೂ ದೊಡ್ಡದಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಸುಮಾರು ಒಂದೂವರೆ ಮೀಟರ್. ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಬಾಯಿಗೆ, ಹತ್ತಿರದ ಹೊಳೆಯಲ್ಲೂ ಅದು ಕಾಣುತ್ತದೆ. ಆ ಒಂದೂವರೆ ಮೀಟರ್ ಒಳಗೆ ಬರುವ ಮೆಟ್ಟಿಲುಗಳು ದಿನಕ್ಕೆ ಎರಡು ಸಲ ಮುಳುಗಿ, ಎರಡು ಸಲ ಒಣಗುತ್ತವೆ. ಪಾಚಿ ಹಿಡಿಯುವುದು ಅಲ್ಲೇ. ಕಬ್ಬಿಣಕ್ಕೆ ತುಕ್ಕು ಹೆಚ್ಚು ಹಿಡಿಯುವುದೂ ಅಲ್ಲೇ. ಉಪ್ಪು, ನೀರು, ಗಾಳಿ ಮೂರೂ ಸಿಗುತ್ತವಲ್ಲ.

ಕಾಂಕ್ರೀಟಿನ ನಿಯಮ ಹೇಳುವ ಐಎಸ್ 456ರಲ್ಲಿ ಇದಕ್ಕೆ ಅಂತಲೇ ಒಂದು ವರ್ಗ ಇದೆ. ಏರಿಳಿತದ ನೀರು ತಾಗುವ ಭಾಗ ಅತ್ಯಂತ ಕಠಿಣ ಪರಿಸ್ಥಿತಿಯದ್ದು. ಅಲ್ಲಿ ಕಬ್ಬಿಣದ ಮೇಲೆ 75 ಮಿ.ಮೀ. ಕಾಂಕ್ರೀಟ್ ಕವರ್ ಬೇಕು, ಕಾಂಕ್ರೀಟ್ ಎಂ40 ದರ್ಜೆಗಿಂತ ಕಡಿಮೆ ಇರಬಾರದು. ಅಂಕಿ ಹೆಚ್ಚಿದಷ್ಟು ಕಾಂಕ್ರೀಟ್ ಗಟ್ಟಿ. ಊರೊಳಗಿನ ಮೋರಿ, ಚರಂಡಿ ಸ್ಲ್ಯಾಬ್‌ಗೆ ನಾವು ಎಂ20 ಬರೆದು ಕೈ ಪಳಗಿದವರು. ಹಿಂದೊಮ್ಮೆ ಹೊಳೆಗೆ ಇಳಿಯುವ ಮೆಟ್ಟಿಲಿಗೆ ಅಂದಾಜು ಪಟ್ಟಿ ಮಾಡುವಾಗ ಮೋರಿಯ ಪಟ್ಟಿಯನ್ನೇ ತೆಗೆದು, ಅಳತೆ ಬದಲಿಸಿ, ಸಹಿ ಹಾಕಿದೆ. ಮಾರ್ಚ್ ತಿಂಗಳು, ಅನುದಾನ ವಾಪಸ್ ಹೋಗುವ ಗಡಿಬಿಡಿ. ಕೆಲವೇ ಮಳೆಗಾಲ ಕಳೆಯುವುದರೊಳಗೆ ಮೆಟ್ಟಿಲಿನ ಅಂಚು ಬಿರಿದು ಕಂಬಿ ಹೊರಗೆ ಬಂತು. ಬರಿಗಾಲಲ್ಲಿ ಇಳಿಯುವ ಜಾಗ ಅದು. ಮೀನಿನ ಬುಟ್ಟಿ ತಲೆಯ ಮೇಲೆ ಇದ್ದರೆ ಕೆಳಗೆ ಕಾಣುವುದಿಲ್ಲ. ದೊಡ್ಡ ಗಾಯ ಯಾರಿಗೂ ಆಗಲಿಲ್ಲ ಎಂಬುದು ನನ್ನ ಪುಣ್ಯ, ಬುದ್ಧಿವಂತಿಕೆ ಅಲ್ಲ.

ಆದ್ದರಿಂದ ಧಕ್ಕೆ ರಿಪೇರಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಅಂದಾಜು ಪಟ್ಟಿ ಕೇಳಿ ನೋಡಿ. ಎಂ20 ಅಂತ ಕಂಡರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಮಾಡಿ. ಸಣ್ಣ ಮೆಟ್ಟಿಲಾದರೆ ಕಂಬಿಯೇ ಇಲ್ಲದ ಶಿಲೆಕಲ್ಲಿನ ಕಟ್ಟಣೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮುರಕಲ್ಲು, ಅಂದರೆ ನಮ್ಮ ಕೆಂಪು ಕಲ್ಲು ಮಾತ್ರ ನೀರಿನ ಅಂಚಿಗೆ ಬೇಡ. ಪಾಚಿಗೆ ಬ್ಲೀಚಿಂಗ್ ಪೌಡರ್ ಸುರಿಯುವ ಅಭ್ಯಾಸವೂ ಬಿಡಬೇಕು, ಅದು ಹೊಳೆಗೆ ಹೋಗುತ್ತದೆ. ಗಟ್ಟಿ ತಂತಿ ಬ್ರಷ್ಷಿನಿಂದ ಉಜ್ಜುವುದೇ ದಾರಿ. ನೀರಿಗೆ ಬಿದ್ದವರಿಗೆ ಎಸೆಯಲು ಒಂದು ಲೈಫ್‌ಬಾಯ್ ರಿಂಗು, ಉದ್ದದ ಹಗ್ಗ, ಹಿಡಿದುಕೊಳ್ಳಲು ಗ್ಯಾಲ್ವನೈಸ್ ಮಾಡಿದ ಪೈಪು. ಇಷ್ಟಕ್ಕೆ ದೊಡ್ಡ ಯೋಜನೆ ಬೇಡ.

ವಾಸನೆಯ ವಿಷಯ ಬೇಗ ಮುಗಿಸುತ್ತೇನೆ. ಮೀನಿನ ಧಕ್ಕೆ ಮೀನಿನ ಹಾಗೆಯೇ ನಾರುತ್ತದೆ. ಆದರೆ ಅಲ್ಲೇ ಕುಳಿತು ಮೀನು ಕೊಯ್ದು ಕರುಳು ಬಿಸಾಡುವುದರಿಂದ ಬರುವ ವಾಸನೆ ಬೇರೆ. ಅದಕ್ಕೆ ಮುಚ್ಚಳದ ಡ್ರಮ್ಮು, ಬೆಳಿಗ್ಗೆಯೇ ಬರುವ ಕಸದ ಗಾಡಿ ಬೇಕು. ಮಧ್ಯಾಹ್ನ ಬಂದರೆ ಪ್ರಯೋಜನವಿಲ್ಲ, ಅಷ್ಟೊತ್ತಿಗೆ ನಾಯಿ, ಕಾಗೆ, ಗಿಡುಗ ಎಲ್ಲ ಹಂಚಿಕೊಂಡಿರುತ್ತವೆ. ಅಕ್ಕ ಹೇಳಿದರು, ತೆಂಗಿನ ಬುಡಕ್ಕೆ ಹಾಕಲು ಒಬ್ಬರು ಕೇಳುತ್ತಿದ್ದಾರೆ ಅಂತ. ಅದಾದರೆ ಗಾಡಿಯೂ ಬೇಡ.

ಜಗಳ ಬಂದದ್ದು ಹತ್ತನೆಯ ಬೇಡಿಕೆಯಲ್ಲಿ. 'ಹೊರಗಿನವರು ಬಂದು ರಾತ್ರಿ ಗಾಳ ಹಾಕುತ್ತಾರೆ, ಕುಡಿಯುತ್ತಾರೆ, ಆದ್ದರಿಂದ ಧಕ್ಕೆಗೆ ಗೇಟ್ ಹಾಕಿ ಬೀಗ ಹಾಕಬೇಕು.' ಹಿರಿಯರು ಇದನ್ನು ಬಿಡಲು ತಯಾರಿರಲಿಲ್ಲ. ಅವರ ಗೇಟಿನೆದುರು ಬೈಕ್ ನಿಲ್ಲಿಸುತ್ತಾರೆ, ಬಾಟಲಿ ಒಡೆಯುತ್ತಾರೆ, ಕೇಳಿದರೆ ಬಯ್ಯುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೂ ನಾನು ಬೇಡ ಅಂದೆ. ನದಿ ಪರಂಬೋಕಿಗೆ ಬೀಗ ಹಾಕುವ ಅಧಿಕಾರ ನಗರಾಡಳಿತಕ್ಕೆ ಇಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನಾಡದೋಣಿ ಇಳಿಸುವವರು ಯಾರ ಮನೆಯಲ್ಲಿ ಕೀ ಕೇಳಬೇಕು? 2019ರ ಸಿಆರ್‌ಝಡ್ ಅಧಿಸೂಚನೆಯ ಮೊದಲ ಸಾಲುಗಳಲ್ಲೇ ಮೀನುಗಾರರ ಜೀವನೋಪಾಯದ ಭದ್ರತೆಯ ಮಾತಿದೆ. ಸಾರ್ವಜನಿಕ ಧಕ್ಕೆಗೆ ಬಿದ್ದ ಬೀಗ ನಿಧಾನಕ್ಕೆ ಒಂದು ಮನೆಯ ಬೀಗವಾಗುತ್ತದೆ. ಅದನ್ನೂ ನೋಡಿದ್ದೇನೆ.

"ಹಾಗಾದರೆ ನಾನು ಸುಮ್ನೆ ಕೂರಬೇಕಾ?" ಅಂದರು ಅವರು. ಇಲ್ಲ. ಕುಡಿತ, ಗಲಾಟೆ ಪೊಲೀಸರಿಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬೆಲ್ ಮಿತಿ ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಬೈಕಿಗೆ ರಸ್ತೆಯ ಇನ್ನೊಂದು ಬದಿಯಲ್ಲಿ ಗೆರೆ ಎಳೆಸುವುದು ನಗರಾಡಳಿತಕ್ಕೆ. ಇಪ್ಪತ್ತು ನಿಮಿಷ ಇದೇ ಚರ್ಚೆ ನಡೆಯಿತು. ಕೊನೆಗೆ ಅಕ್ಕ, "ನಿಮ್ಮ ಗೇಟಿನ ಎದುರು ನಾವು ಬುಟ್ಟಿ ಇಡುತ್ತೇವೆ, ಬೈಕ್ ಹೇಗೆ ನಿಲ್ಲುತ್ತದೆ ನೋಡುವ" ಅಂದರು. ಹಿರಿಯರು ನಗಲಿಲ್ಲ, ಹತ್ತನೆಯ ಬೇಡಿಕೆಯ ಮೇಲೆ ಮಾತ್ರ ಗೆರೆ ಎಳೆದರು.

ಇನ್ನು ಸಭೆ. ಮನವಿಯನ್ನು ಸದಸ್ಯರ ಕೈಗೆ ಕೊಟ್ಟು ಫೋಟೋ ತೆಗೆದರೆ ಅದು ಕಚೇರಿಗೆ ಸೇರಿದ ಹಾಗಲ್ಲ. ಟಪಾಲಿನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ಆಮೇಲೆ ಆ ನಂಬರ್ ಹಿಡಿದು, ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ತರಲು ವಾರ್ಡ್ ಸದಸ್ಯರನ್ನು ಕೇಳಿ. ಸದಸ್ಯರು ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲವಾದರೆ ಅವರಿಗೇ ಕೊಡಿ.

ನಡಾವಳಿ ಬಂದಾಗ ಭಾಷೆ ನೋಡಿ. 'ಚರ್ಚಿಸಲಾಯಿತು' ಅಂದರೆ ಏನೂ ಆಗಲಿಲ್ಲ. 'ಪರಿಶೀಲಿಸಿ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು' ಅಂದರೆ ಏನೂ ಆಗುವುದಿಲ್ಲ. ಮೊತ್ತ ಎಷ್ಟು, ಯಾವ ಲೆಕ್ಕಶೀರ್ಷಿಕೆ, ಯಾರು ಮಾಡಬೇಕು, ಈ ಮೂರು ಇದ್ದರೆ ಮಾತ್ರ ಅದು ನಿರ್ಣಯ. ಧಕ್ಕೆಗಾದರೆ ನಾಲ್ಕನೆಯದು, ಮುಂದಿನ ನಿರ್ವಹಣೆ ಯಾರದು. ಹಣ ಕೇಳುವ ಹೊತ್ತೂ ಮುಖ್ಯ. ಚಳಿಗಾಲದಲ್ಲಿ ಬಜೆಟ್ ಪೂರ್ವಭಾವಿ ಸಭೆ ಅಂತ ಸಾರ್ವಜನಿಕರನ್ನು ಕರೆಯುತ್ತಾರೆ, ಕುರ್ಚಿ ಖಾಲಿ ಇರುತ್ತದೆ. ಅಲ್ಲಿ ಒಂದು ಸಾಲಿನ ಬೇಡಿಕೆ ಇಡಿ. 15ನೇ ಹಣಕಾಸು ಆಯೋಗ ನಮ್ಮಂಥ ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದದ್ದಕ್ಕೆ ಎಲ್ಲ ವಾರ್ಡಿನ ರಸ್ತೆಗಳೂ ಬಾಯಿ ತೆರೆದು ಕೂತಿರುತ್ತವೆ. ಧಕ್ಕೆಯ ಹೆಸರು ಮೊದಲೇ ಕಿವಿಗೆ ಬಿದ್ದಿರಬೇಕು.

ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಯಾಕೆ ಮಾಡಲಿಲ್ಲ ಅಂತ ಕೇಳಬೇಡಿ, ಅದಕ್ಕೆ ಮಾಹಿತಿ ಇಲ್ಲ ಅಂತ ಬರೆಯುವುದು ಸುಲಭ. ಇಂಥ ನಂಬರಿನ ಪತ್ರದ ಮೇಲೆ ಆದ ಟಿಪ್ಪಣಿಯ ನಕಲು ಕೊಡಿ ಅಂತ ಕೇಳಿ.

ನಮ್ಮ ಮೂರು ಪತ್ರಗಳಲ್ಲಿ ನಗರಾಡಳಿತದ್ದು ಬೇಗ ಕೆಲಸ ಮಾಡಿತು. ದೀಪದ ಮುಖ ತಿರುಗಿತು. ಕಸದ ಗಾಡಿ ಎಂಟು ಗಂಟೆಯೊಳಗೆ ಬರುತ್ತದೆ, ರಜೆಯ ಮರುದಿನ ಬಿಟ್ಟು. ಗಸ್ತಿಗೆ ಬಂದ ಪೊಲೀಸರು ಸಹಿ ಹಾಕುವ ಬೀಟ್ ಪುಸ್ತಕ ಧಕ್ಕೆಯ ಪಕ್ಕದ ಅಂಗಡಿಯಲ್ಲಿದೆ. ಮೆಟ್ಟಿಲಿನ ಪತ್ರಕ್ಕೂ ಇಲಾಖೆಯಿಂದ ಉತ್ತರ ಬಂತು. 'ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸಲಾಗುವುದು.' ಯಾವಾಗ ಅಂತ ಇಲ್ಲ.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. ಯಾರೋ ಬಂದು ಟೇಪ್ ಹಿಡಿದು ಅಳೆದುಕೊಂಡು ಹೋದರಂತೆ. ಇಷ್ಟು ದಿನವಾದರೂ ಸುದ್ದಿ ಇಲ್ಲ. ಇನ್ನು ಎಂತ ಮಾಡುವುದು ಅಂತ ಕೇಳಿದರು.

"ಪತ್ರದ ನಂಬರ್ ಇದೆಯಲ್ಲ ಅಕ್ಕಾ? ಬರುವಾಗ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಒಂದು ತನ್ನಿ" ಅಂದೆ.