ಮೆಟ್ಟಿಲ ದೀಪದಿಂದ ಕೃತಕ ನರಜಾಲಕ್ಕೆ

ಕೃತಕ ನರಜಾಲ ಎಂಬ ಹೆಸರು ಕೇಳಿದೊಡನೆ ಗಣಕಯಂತ್ರದೊಳಗೆ ಮಿದುಳೊಂದು ಕುಳಿತಿದೆ ಎಂದು ಭಾವಿಸುವವರು ಬಹಳ. ಹೆಸರು ಮಿದುಳಿನಿಂದ ಬಂದದ್ದು ನಿಜ. ಆದರೆ ಒಳಗಿರುವುದು ಗುಣಾಕಾರ, ಸಂಕಲನ ಮತ್ತು ಹೋಲಿಕೆ. ಅಸಮತೆಗಳನ್ನು ಬಿಡಿಸಲು ಬಲ್ಲ ಯಾವ ವಿದ್ಯಾರ್ಥಿಯಾದರೂ ಸಣ್ಣದೊಂದು ಜಾಲವನ್ನು ಕಾಗದದ ಮೇಲೆಯೇ ಕಟ್ಟಬಹುದು.

1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ನರಕೋಶವನ್ನು ಗಣಿತದ ಒಂದು ಸರಳ ಘಟಕವಾಗಿ ಕಲ್ಪಿಸಿಕೊಂಡರು. ನರಕೋಶವು ಅಕ್ಕಪಕ್ಕದ ಕೋಶಗಳಿಂದ ಬರುವ ಸಂಕೇತಗಳನ್ನು ಕೂಡಿಸಿಕೊಂಡು, ಮೊತ್ತವು ಒಂದು ಮಿತಿಯನ್ನು ದಾಟಿದಾಗ ಮಾತ್ರ ತಾನೂ ಸಂಕೇತ ಕಳುಹಿಸುತ್ತದೆ ಎಂಬುದು ಅದರ ತಿರುಳು. ಈಗ ಬಳಕೆಯಲ್ಲಿರುವ ರೂಪದಲ್ಲಿ, ಬರುವ ಪ್ರತಿಯೊಂದು ಸಂಕೇತವನ್ನೂ ಒಂದು ಸಂಖ್ಯೆಯಿಂದ ಗುಣಿಸುತ್ತೇವೆ. ಆ ಸಂಖ್ಯೆಗೆ ತೂಕ ಎಂದು ಹೆಸರು. ಯಾರ ಮಾತಿಗೆ ಎಷ್ಟು ಬೆಲೆ ಎಂಬುದನ್ನು ತೂಕ ಹೇಳುತ್ತದೆ.

ಎರಡು ಸ್ವಿಚ್ಚು, ಒಂದು ದೀಪ ಇರಲಿ. ಸ್ವಿಚ್ಚು ಹಾಕಿದ್ದರೆ 1, ಆರಿಸಿದ್ದರೆ 0. ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿದ್ದರೆ ಎರಡೂ ಹಾಕಿದಾಗ ಮಾತ್ರ ದೀಪ ಉರಿಯುತ್ತದೆ. ಎರಡು ತೂಕಗಳೂ 1, ಮಿತಿ 1.5 ಇರುವ ಒಂದು ಕೃತಕ ನರಕೋಶ ಇದೇ ಕೆಲಸವನ್ನು ಮಾಡುತ್ತದೆ. ತೂಕಗಳನ್ನು ಹಾಗೆಯೇ ಬಿಟ್ಟು ಮಿತಿಯನ್ನು 0.5ಕ್ಕೆ ಇಳಿಸಿದರೆ, ಯಾವುದಾದರೊಂದು ಸ್ವಿಚ್ಚು ಹಾಕಿದರೂ ದೀಪ ಉರಿಯುವ ಸಮಾಂತರ ಜೋಡಣೆ ಸಿಗುತ್ತದೆ.

ಇಲ್ಲಿ ತೂಕಗಳನ್ನು ನಾವೇ ಆರಿಸಿ ಕೊಟ್ಟೆವು. ಅವನ್ನು ಯಂತ್ರವೇ ಉದಾಹರಣೆಗಳಿಂದ ಕಂಡುಕೊಳ್ಳುವ ವಿಧಾನವನ್ನು ಫ್ರಾಂಕ್ ರೋಸೆನ್‌ಬ್ಲಾಟ್ 1950ರ ದಶಕದ ಕೊನೆಯಲ್ಲಿ ತೋರಿಸಿ, ತಮ್ಮ ಮಾದರಿಯನ್ನು ಪರ್ಸೆಪ್ಟ್ರಾನ್ ಎಂದು ಕರೆದರು. ಉತ್ತರ ಸರಿಯಿದ್ದರೆ ಏನನ್ನೂ ಮುಟ್ಟಬಾರದು. ಉರಿಯಬಾರದಾಗ ದೀಪ ಉರಿದರೆ, ಆಗ 1 ಆಗಿದ್ದ ಸ್ವಿಚ್ಚುಗಳ ತೂಕವನ್ನು ತುಸು ಇಳಿಸಿ ಮಿತಿಯನ್ನು ತುಸು ಏರಿಸಬೇಕು. ಉರಿಯಬೇಕಾದಾಗ ಆರಿದ್ದರೆ ಇದರ ವಿರುದ್ಧ.

ಸರಣಿ ಜೋಡಣೆಯನ್ನೇ ಕಲಿಸೋಣ. ಮೊದಲ ತೂಕ 0.9, ಎರಡನೆಯದು 0.4, ಮಿತಿ 0.5 ಎಂದು ಆರಂಭಿಸಿ. ಮೊದಲ ಸ್ವಿಚ್ಚನ್ನು ಮಾತ್ರ ಹಾಕಿದಾಗ ಮೊತ್ತ 0.9, ಮಿತಿಗಿಂತ ಹೆಚ್ಚು. ದೀಪ ತಪ್ಪಾಗಿ ಉರಿಯುತ್ತದೆ. 0.1ರಷ್ಟು ತಿದ್ದಿದರೆ ತೂಕ 0.8, ಮಿತಿ 0.6, ಈಗಲೂ ತಪ್ಪು. ಇನ್ನೊಮ್ಮೆ ತಿದ್ದಿದರೆ ಎರಡೂ 0.7 ಆಗುತ್ತವೆ, ಮೊತ್ತ ಮಿತಿಯನ್ನು ದಾಟುವುದಿಲ್ಲ. ಎರಡೂ ಸ್ವಿಚ್ಚು ಹಾಕಿದಾಗ ಮೊತ್ತ 1.1, ದೀಪ ಉರಿಯುತ್ತದೆ. ಉಳಿದ ಎರಡು ಸ್ಥಿತಿಗಳನ್ನು ನೀವೇ ಪರೀಕ್ಷಿಸಿ. ಎರಡೇ ತಿದ್ದುಪಡಿಗಳಲ್ಲಿ ಪಾಠ ಮುಗಿಯಿತು. ಕಲಿಕೆ ಎಂಬ ದೊಡ್ಡ ಮಾತಿನ ಹಿಂದೆ ಇರುವುದು ಇಷ್ಟೇ ಎಂದರೆ ಕೆಲವರಿಗೆ ನಿರಾಸೆಯಾದೀತು. ನನಗಂತೂ ಇದು ಸಮಾಧಾನ ತಂದ ಸಂಗತಿ.

ಇನ್ನು ಮೆಟ್ಟಿಲ ದೀಪಕ್ಕೆ ಬರೋಣ. ಕೆಳಗೊಂದು, ಮೇಲೊಂದು ಸ್ವಿಚ್ಚು. ಎರಡೂ ಒಂದೇ ಸ್ಥಿತಿಯಲ್ಲಿದ್ದರೆ ದೀಪ ಆರಿರುತ್ತದೆ, ಬೇರೆ ಬೇರೆ ಸ್ಥಿತಿಯಲ್ಲಿದ್ದರೆ ಉರಿಯುತ್ತದೆ ಎನ್ನೋಣ. ಎರಡೂ 0 ಇದ್ದಾಗ ಮೊತ್ತ 0, ದೀಪ ಉರಿಯಬಾರದು. ಆದ್ದರಿಂದ ಮಿತಿಯು ಸೊನ್ನೆಗಿಂತ ಕಡಿಮೆ ಇರುವಂತಿಲ್ಲ. ಒಂದೊಂದೇ ಸ್ವಿಚ್ಚು ಹಾಕಿದಾಗ ಉರಿಯಬೇಕಾದ್ದರಿಂದ ಪ್ರತಿಯೊಂದು ತೂಕವೂ ಮಿತಿಗಿಂತ ಹೆಚ್ಚಿರಬೇಕು. ಹಾಗಿದ್ದರೆ ಎರಡು ತೂಕಗಳ ಮೊತ್ತ ಖಂಡಿತವಾಗಿ ಮಿತಿಯನ್ನು ದಾಟುತ್ತದೆ, ಎರಡೂ ಹಾಕಿದಾಗ ಆರಬೇಕಾದ ದೀಪ ಉರಿದೇ ಉರಿಯುತ್ತದೆ. ಎಷ್ಟು ತಿದ್ದಿದರೂ ಒಂದು ನರಕೋಶಕ್ಕೆ ಇದು ಅಸಾಧ್ಯ. ನಡುವೆ ಬೇರೆ ನರಕೋಶಗಳ ಸಾಲಿಲ್ಲದ ಒಂಟಿ ಪದರದ ಜಾಲಗಳ ಇಂಥ ಕೊರತೆಗಳನ್ನು ಮಾರ್ವಿನ್ ಮಿನ್‌ಸ್ಕಿ ಮತ್ತು ಸೆಮೂರ್ ಪ್ಯಾಪರ್ಟ್ 1969ರಲ್ಲಿ ವಿವರವಾಗಿ ಸಾಧಿಸಿ ತೋರಿಸಿದರು.

ಪರಿಹಾರ ನಮ್ಮ ಕೈಯಲ್ಲೇ ಇದೆ. ಸಮಾಂತರ ನರಕೋಶ ಮತ್ತು ಸರಣಿ ನರಕೋಶ ಎರಡನ್ನೂ ನಡುವೆ ಇಟ್ಟು, ಅವುಗಳ ಉತ್ತರವನ್ನು ಮೂರನೆಯದಕ್ಕೆ ಕೊಡಿ. ಸಮಾಂತರದ ತೂಕ 1, ಸರಣಿಯ ತೂಕ −1, ಮಿತಿ 0.5. ಒಂದು ಸ್ವಿಚ್ಚು ಹಾಕಿದಾಗ ಮೊತ್ತ 1, ಎರಡೂ ಹಾಕಿದಾಗ 1 − 1 = 0. ನಡುವಿನ ಈ ಸಾಲಿಗೆ ಅಡಗಿದ ಪದರ ಎನ್ನುತ್ತಾರೆ.

ಆದರೆ ಅಂತಿಮ ಉತ್ತರ ತಪ್ಪಾದಾಗ ಅಡಗಿದ ಪದರದ ಯಾವ ತೂಕ ಎಷ್ಟು ಹೊಣೆ? ಮಿತಿ ದಾಟಿದೊಡನೆ 0ಯಿಂದ 1ಕ್ಕೆ ಹಾರುವ ಘಟಕದಲ್ಲಿ ಇದನ್ನು ಅಳೆಯಲಾಗದು. ತೂಕವನ್ನು ಕೊಂಚ ಬದಲಿಸಿದರೆ ಉತ್ತರ ಸಾಮಾನ್ಯವಾಗಿ ಕದಲುವುದೇ ಇಲ್ಲ. ಆದ್ದರಿಂದ ಹಾರುವ ಬದಲು ನಿಧಾನವಾಗಿ ಏರುವ ವಕ್ರರೇಖೆಯನ್ನು ಬಳಸಿ, ಕಲನಶಾಸ್ತ್ರದ ಸರಪಳಿ ನಿಯಮದಿಂದ ತಪ್ಪಿನ ಪಾಲನ್ನು ಕೊನೆಯ ಪದರದಿಂದ ಹಿಂದಕ್ಕೆ ಹಂಚುತ್ತಾ ಬರುತ್ತಾರೆ. ಬ್ಯಾಕ್‌ಪ್ರೊಪಗೇಶನ್ ಎಂಬ ಈ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದದ್ದು ರುಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಅವರ 1986ರ ಪ್ರಬಂಧದ ಅನಂತರ. ಪಿಯುಸಿಯಲ್ಲಿ ಅವಕಲನ ಕಲಿತ ಮೇಲೆ ಈ ಭಾಗವನ್ನು ಮತ್ತೆ ಓದಿ.

ಕೈಬರಹದ ಅಂಕಿ ಗುರುತಿಸುವ ಜಾಲವೂ ಇದೇ ಬಗೆಯದು, ಗಾತ್ರ ಮಾತ್ರ ದೊಡ್ಡದು. 28 × 28 ಚುಕ್ಕಿಗಳ ಚಿತ್ರವೆಂದರೆ 784 ಸಂಖ್ಯೆಗಳು. 128 ಘಟಕಗಳ ಒಂದು ಅಡಗಿದ ಪದರ, ಹತ್ತು ಅಂಕಿಗಳಿಗೆ ಹತ್ತು ಉತ್ತರಗಳು ಇದ್ದರೆ ತೂಕ ಮತ್ತು ಮಿತಿಗಳು ಸೇರಿ 1,01,770 ಸಂಖ್ಯೆಗಳನ್ನು ಕಲಿಯಬೇಕು. 2019ರಲ್ಲಿ ಪ್ರಕಟವಾದ ಕನ್ನಡ ಅಂಕಿಗಳ ಸಂಗ್ರಹವೊಂದರಲ್ಲಿ ಕಲಿಕೆಗೆಂದು 60,000 ಚಿತ್ರಗಳೂ ಪರೀಕ್ಷೆಗೆಂದು ಬೇರೆ 10,000 ಚಿತ್ರಗಳೂ ಇವೆ. ಅದರಲ್ಲಿ ಕನ್ನಡ ಬಾರದವರಿಂದ ಬರೆಸಿದ ಅಂಕಿಗಳ ಇನ್ನೊಂದು ಕಟ್ಟೂ ಉಂಟು. ಕನ್ನಡಿಗರ ಬರಹದಲ್ಲಿ ಚೆನ್ನಾಗಿ ಉತ್ತರಿಸಿದ ಜಾಲ ಆ ಕಟ್ಟಿನಲ್ಲಿ ಹೆಚ್ಚು ತಪ್ಪು ಮಾಡುತ್ತದೆ.