ಯಾರ ಬಾಯಲ್ಲಿ ಕಥೆ?

‘ಬರಗಾಲದ ಮೂರನೇ ತಿಂಗಳು ಅವನು ತಮ್ಮನ ಪಾಲಿನ ಕಾಳನ್ನು ಕದ್ದು ತಿಂದ.’

ಓದಿದ ಕೂಡಲೇ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ: ಪಾಪಿ. ಈಗ ಇದನ್ನು ಓದಿ.

‘ತಮ್ಮ ಮಲಗಿದ್ದ. ಕಾಳಿನ ಗಂಟು ಅವನ ತಲೆದಿಂಬಿನ ಕೆಳಗಿತ್ತು. ಎರಡೇ ಎರಡು ಕಾಳು ಅಂದುಕೊಂಡು ಕೈ ಹಾಕಿದೆ. ಅಗಿದು ನುಂಗುವವರೆಗೂ ನನಗೊಬ್ಬ ತಮ್ಮನಿದ್ದಾನೆ ಅನ್ನೋದೇ ನೆನಪಿರಲಿಲ್ಲ.’

ಕಳ್ಳತನ ಅದೇ. ತಮ್ಮನ ಹಸಿವೂ ಅದೇ. ಆದರೆ ಈ ಸಲ ‘ಪಾಪಿ’ ಅನ್ನಲು ನಾಲಿಗೆ ತಡವರಿಸುತ್ತದೆ, ಅಲ್ವಾ?

1973ರಲ್ಲಿ ಮೈಕಲ್ ಸ್ಟಾರ್ಮ್ಸ್ ಎಂಬ ಮನೋವಿಜ್ಞಾನಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಇಬ್ಬರು ಎದುರುಬದುರು ಕೂತು ಮಾತಾಡಿದರು, ಇನ್ನಿಬ್ಬರು ನೋಡುತ್ತಿದ್ದರು. ಆಮೇಲೆ ಕೆಲವರಿಗೆ ವಿಡಿಯೊ ತೋರಿಸಿದರು. ಮಾತಾಡಿದವರು ತಮ್ಮದೇ ಮುಖ ನೋಡಿದಾಗ, ‘ನನ್ನ ಸ್ವಭಾವವೇ ಹಾಗೆ’ ಎನ್ನುವ ಕಡೆ ವಾಲಿದರು. ನೋಡುಗರಿಗೆ ಮಾತಾಡಿದವರ ಕಣ್ಣಿಗೆ ಕಂಡಿದ್ದನ್ನು ತೋರಿಸಿದಾಗ, ಅವರು ಸ್ವಭಾವಕ್ಕಿಂತ ಸಂದರ್ಭಕ್ಕೆ ಜಾಸ್ತಿ ತೂಕ ಕೊಟ್ಟರು. ಹೊರಗಿನಿಂದ ಕಾಣುವುದು ಗುಣ, ಒಳಗಿನಿಂದ ಕಾಣುವುದು ಪರಿಸ್ಥಿತಿ. ಕರಾಳ ಕಥೆಗಳಲ್ಲಿ ‘ನಾನು’ ಎಂಬ ಪದಕ್ಕೆ ಅಷ್ಟೊಂದು ಬಲ ಬರುವುದು ಇಲ್ಲಿಂದಲೇ ಎಂದು ನನಗನಿಸುತ್ತದೆ.

ಹತ್ತಿರ ಹೋದಷ್ಟೂ ಒಳ್ಳೆಯದು ಅಂತೇನಿಲ್ಲ. ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ತಂಡ 1997ರಲ್ಲಿ ಕಷ್ಟದಲ್ಲಿದ್ದ ಒಬ್ಬ ಯುವತಿಯ ಮಾತು ಕೇಳಿಸಿ ಕಂಡಂತೆ, ‘ಅವಳಿಗೆ ಹೇಗಾಗುತ್ತಿರಬಹುದು’ ಎಂದು ಊಹಿಸಿದವರಲ್ಲಿ ಮರುಕ ಹುಟ್ಟಿತು. ‘ಅವಳ ಜಾಗದಲ್ಲಿ ನಾನಿದ್ದರೆ’ ಎಂದವರಲ್ಲಿ ಮರುಕದ ಜೊತೆ ತಮ್ಮದೇ ಸಂಕಟವೂ ಹೆಚ್ಚಿತು. ತೀರಾ ನೋವಿನ ಪುಟದಲ್ಲಿ ನಾವು ಪುಸ್ತಕ ಮುಚ್ಚಿಡುವುದು ಸುಮ್ನೆ ಅಲ್ಲ.

ನನ್ನನ್ನು ಹೆಚ್ಚು ಕಾಡುವುದು ಅದೇ ತಂಡದ 1995ರ ಪ್ರಯೋಗ. ತೀವ್ರ ಕಾಯಿಲೆಯ ಒಬ್ಬ ಪುಟ್ಟ ಹುಡುಗಿ, ಚಿಕಿತ್ಸೆಗಾಗಿ ಕಾಯುವವರ ಪಟ್ಟಿಯಲ್ಲಿದ್ದಾಳೆ. ಅವಳ ಸಂದರ್ಶನ ಕೇಳಿಸಿ, ಅವಳನ್ನು ಮುಂದಕ್ಕೆ ಹಾಕಬೇಕೇ ಎಂದು ಕೇಳಿದರು. ಪಟ್ಟಿಯಲ್ಲಿ ಅವಳಿಗಿಂತ ಮುಂದಿದ್ದ ಕೆಲವು ಮಕ್ಕಳಿಗೆ ಚಿಕಿತ್ಸೆ ಇನ್ನೂ ತುರ್ತಾಗಿ ಬೇಕಿತ್ತು. ತಟಸ್ಥವಾಗಿ ಕೇಳಿದವರಿಗಿಂತ, ಅವಳ ಭಾವನೆಯನ್ನು ಊಹಿಸುತ್ತಾ ಕೇಳಿದವರೇ ಅವಳನ್ನು ಮುಂದಕ್ಕೆ ತಳ್ಳಿದ್ದು ಜಾಸ್ತಿ. ಅದು ಕ್ರೌರ್ಯವಲ್ಲ, ಕರುಣೆಯೇ. ಆದರೆ ಉಳಿದ ಮಕ್ಕಳ ದನಿ ಆ ಟೇಪಿನಲ್ಲಿ ಇರಲೇ ಇಲ್ಲ.

ಮತ್ತೆ ಆ ಕಾಳಿನ ಗಂಟಿಗೆ ಬರೋಣ. ಅಣ್ಣ ಹೇಳುವ ಕಥೆಯಲ್ಲಿ ತಮ್ಮ ಏನು ಮಾಡುತ್ತಿದ್ದಾನೆ? ಮಲಗಿದ್ದಾನೆ. ಅವನನ್ನು ಮಲಗಿಸಿದ್ದು ನಾನು, ಬರೆದವನು. ಓದುವಾಗ ಅದು ಸಂಶಯ ಹುಟ್ಟಿಸುವುದಿಲ್ಲ, ಯಾಕೆಂದರೆ ನಮಗಿರುವುದು ಅಣ್ಣನ ಕಣ್ಣು ಮಾತ್ರ. ಒಳ್ಳೆಯ ಕರಾಳ ಕಥೆ ನಮ್ಮನ್ನು ಆ ಕಣ್ಣಿನೊಳಗೆ ಕೂರಿಸುತ್ತದೆ, ಆದರೆ ಎಲ್ಲೋ ಒಂದು ಕಡೆ ಸಣ್ಣ ಬಿರುಕು ಬಿಟ್ಟಿರುತ್ತದೆ. ಅದೇ ರಾತ್ರಿ, ಈಗ ತಮ್ಮನ ಬಾಯಲ್ಲಿ:

‘ನನಗೆ ಎಚ್ಚರವಿತ್ತು. ಅಣ್ಣನ ಕೈ ದಿಂಬಿನ ಕೆಳಗೆ ಬಂದಾಗ, ಅವನಿಗೆ ಸುಲಭವಾಗಲಿ ಅಂತ ತಲೆ ಒಂಚೂರು ಎತ್ತಿದೆ.’